ಆನರ್ಸಿಗೆ ಮೂರು ಕೊಟೇಶನ್

ಮೂರು ಕೊಟೇಶನ್ ತರಿಸದೆ ನಾನು ಗುಂಡುಸೂಜಿಯನ್ನೂ ಕೊಂಡವನಲ್ಲ. ಗಲ್ಫಿನ ಸಲ್ಮಾಬಾದಿನ ಗೋದಾಮೊಂದರಲ್ಲಿ ಇಪ್ಪತ್ತೆರಡು ವರ್ಷ ಖರೀದಿ ವಿಭಾಗದಲ್ಲಿ ಕೂತವನಿಗೆ ಇದು ಕೆಲಸವಲ್ಲ, ಕಾಯಿಲೆ. ಮನೆಗೆ ಮಿಕ್ಸಿ ತರಲು ನಾನು ತಿಂಗಳುಗಟ್ಟಲೆ ಮೀನಮೇಷ ಎಣಿಸಿದಾಗ ಹೆಂಡತಿ ಗ್ರೆಟ್ಟಾ ಕೈಯಲ್ಲೇ ಚಟ್ನಿ ಅರೆದು ಸೇಡು ತೀರಿಸಿಕೊಂಡಿದ್ದಳು.

ಹೀಗಿರುವಾಗ ಮಗಳು ಶರಲ್‌ಗೆ ಅಮೆರಿಕದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಅವಳಿಗೆ ಡಾಕ್ಟರಾಗುವ ಆಸೆ. ಅಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್. ಸೀಟಿನ ಜೊತೆಗೆ 'ಆನರ್ಸ್‌ಗೂ ಸೇರುತ್ತೀಯಾ, ಭಾನುವಾರದೊಳಗೆ ತಿಳಿಸು' ಎಂದು ಕಾಲೇಜಿನವರು ಕೇಳಿದ್ದರು. ಪುಟ್ಟ ತರಗತಿ, ಹೆಚ್ಚಿನ ಓದು, ಕೊನೆಗೊಂದು ಸಂಶೋಧನಾ ಪ್ರಬಂಧ. ಆ ಭಾರಕ್ಕೆ ಅಂಕ ಇಳಿದರೆ ಮೆಡಿಕಲ್ ಸೀಟಿಗೇ ಸಂಚಕಾರ. ನಾನು ಆಫೀಸಿನಿಂದ ಒಂದು ಹೋಲಿಕೆ ಪಟ್ಟಿಯ ಫಾರ್ಮ್ ತಂದೆ.

ಮೊದಲ ಕೊಟೇಶನ್ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಬಂದ ನರ್ಸ್ ಲಿಲ್ಲಿಬಾಯಿಯವರದು. "ಎಂತ ಆನರ್ಸ್ ಮಾರಾಯ್ರೆ! ಇಷ್ಟು ವರ್ಷದಲ್ಲಿ ಒಬ್ಬ ರೋಗಿಯೂ ಡಾಕ್ಟರ ಹತ್ರ ಅದನ್ನು ಕೇಳಿದ್ದು ನಾನು ಕಾಣ್ಲಿಲ್ಲ." ಎರಡನೆಯದು ಬೆಂಗಳೂರಿನ ಎಂಜಿನಿಯರ್ ಸಹೋದ್ಯೋಗಿಯದು. "ಕಣ್ಮುಚ್ಚಿ ಸೇರಿಸಿ ಸಾರ್, ಸಖತ್ ವೆಯ್ಟ್ ಬರುತ್ತೆ!" ಅವರ ಮಗ ಇನ್ನೂ ಮೂರನೇ ಕ್ಲಾಸು. ಒಂದು ಬೇಡ, ಒಂದು ಬೇಕು. ಮೂರನೆಯದಿಲ್ಲದೆ ಫೈಲು ಮುಂದಕ್ಕೆ ಹೋಗುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ನೋಡಿದರೆ ಮೂರನೆಯ ಕಾಲಮ್ಮನ್ನು ಯಾರೋ ತುಂಬಿದ್ದರು. ಸರಬರಾಜುದಾರರು: ಶರಲ್. 'ಓದು ಹೆಚ್ಚು, ನಿದ್ದೆ ಕಡಿಮೆ. ಅಂಕ ಇಳಿದರೆ ಮೊದಲ ವರ್ಷವೇ ಬಿಡಬಹುದು, ದಂಡವಿಲ್ಲ. ಹೆಸರು ಹಿಡಿದು ಕರೆಯುವ ಮೇಷ್ಟ್ರು ಸಿಗುತ್ತಾರೆ. ಮುಖ್ಯವಾಗಿ, ನನಗೆ ಇಷ್ಟ. ಷರಾ: ಮೊದಲ ಇಬ್ಬರೂ ಮಾಲನ್ನು ನೋಡಿಲ್ಲ.'

ಬಿದ್ದು ಬಿದ್ದು ನಕ್ಕೆ. ಊರೆಲ್ಲ ವಿಚಾರಿಸಿದವನು ಓದಬೇಕಾದವಳನ್ನೇ ಕೇಳಿರಲಿಲ್ಲ! ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಕೊನೆಯ ಸಾಲಿನಲ್ಲಿ, 'ಖರೀದಿ ನಂತರದ ಸೇವೆ: ಪಪ್ಪ. ಅಳು ಬಂದಾಗ ಫೋನು ಎತ್ತಬೇಕು' ಎಂದಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಸಹಿ ಹಾಕಿದೆ. ಶರಲ್ ನನ್ನ ಕೊರಳಿಗೆ ಜೋತುಬಿದ್ದಳು. ಗ್ರೆಟ್ಟಾ ಫಾರ್ಮ್ ಎತ್ತಿಕೊಂಡು ನೋಡಿದಳು.

"ಅಳು ಯಾರಿಗೆ ಬಂದಾಗ ಅಂತ ಇವಳು ಬರೀಲಿಲ್ಲ," ಎಂದಳು. "ಮತ್ತೆ ನೀವು ಸಹಿ ಹಾಕಿದ್ದು ಎಲ್ಲಿಗೆ, ನೋಡಿ."

ನೋಡಿದೆ. ಕೊಳ್ಳುವವರ ಜಾಗ ಖಾಲಿಯಿತ್ತು. ನಾನು ಸಹಿ ಹಾಕಿದ್ದು 'ಸರಕು ಕಳುಹಿಸಿಕೊಡುವವರು' ಎಂಬಲ್ಲಿ.