ಪ್ರಾರ್ಥನೆಯ ಸಾಲಿನಲ್ಲಿ ಕಡೆಯ ಕುದುರೆ

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವಷ್ಟು ಹೊತ್ತು ಅಡುಗೆಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಜ್ವರ ಬಂದರೂ ತಪ್ಪಿಸಿದವಳಲ್ಲ. ಹಾಲು ಉಕ್ಕುವ ಮುನ್ನ ದೇವರೊಡನೆ ನನ್ನ ಮಾತು ಮುಗಿದಿರುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ತೊಟ್ಟು ಹಾಲನ್ನೂ ಒಲೆಗೆ ಚೆಲ್ಲಿಲ್ಲ ಎಂಬುದೇ ನನ್ನ ಏಕೈಕ ಬಿರುದು!

ಆ ಬಿರುದು ಹೋದದ್ದು ಕುದುರೆಗಳಿಂದ.

ವರ್ಷಕ್ಕೊಮ್ಮೆ ಆ ದೊಡ್ಡ ಕುದುರೆ ಪಂದ್ಯ ಬಂತೆಂದರೆ ದೇಶಕ್ಕೆ ದೇಶವೇ ಉಸಿರು ಬಿಗಿಹಿಡಿಯುತ್ತದೆ. ಕ್ಷೌರಿಕ ಅರ್ಧ ಗಡ್ಡಕ್ಕೇ ಕತ್ತಿ ನಿಲ್ಲಿಸುತ್ತಾನೆ. ಕುದುರೆಯ ಬಾಲವನ್ನೂ ಮುಟ್ಟದವರು ಅಂದು ಗೊರಸಿನ ಬಗ್ಗೆ ಉಪನ್ಯಾಸ ಕೊಡುತ್ತಾರೆ. ನಮ್ಮ ಕಟ್ಟಡದಲ್ಲಿ ಮನೆಗೊಂದರಂತೆ ಕುದುರೆಯ ಹೆಸರಿನ ಚೀಟಿ ಎತ್ತುತ್ತೇವೆ. ಯಾರ ಚೀಟಿಯ ಕುದುರೆ ಗೆಲ್ಲುತ್ತದೋ ಅವರ ಮನೆಯಲ್ಲಿ ವರ್ಷವಿಡೀ ತಗಡಿನ ಕಪ್ಪಿಗೆ ಪಟ್ಟಾಭಿಷೇಕ!

ಆ ಕಪ್ಪು ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಈ ಸಲ ಚೀಟಿ ಎತ್ತಿದ ಅತ್ತೆ, ಷೋಕೇಸಿನಿಂದ ನನ್ನ ಮದುವೆಯ ಫೋಟೋ ತೆಗೆದು ಕಪ್ಪಿಗೆ ಜಾಗ ಮಾಡಿಯೇಬಿಟ್ಟಿದ್ದರು.

"ನನ್ನ ಬೂದು ಕುದುರೆಗೊಂದು ಮಾತು ಹಾಕಮ್ಮ. ನೀನು ಹೇಳಿದ್ರೆ ದೇವರು ಕೇಳ್ತಾನೆ."

"ಆಗಲಿ ಅತ್ತೆ."

ಅಷ್ಟರಲ್ಲಿ ಮೇಲಿನ ಮನೆಯ ಟೈಲರಮ್ಮ ಬಂದರು. ಆಮೇಲೆ ನರ್ಸಮ್ಮ. ಆಮೇಲೆ ಮಂಡಿನೋವಿನ ಮೇಷ್ಟ್ರು. ಎಲ್ಲರ ಕಷ್ಟ, ಎಲ್ಲರ ಕುದುರೆಯ ಕಥೆ ಕೇಳಿದೆ. ನನ್ನ ಕಿವಿಗೆ ಬಾಗಿಲಿಲ್ಲ, ನನ್ನ ಬಾಯಿಗೆ "ಆಗಲ್ಲ" ಬರುವುದಿಲ್ಲ. ಎಲ್ಲರಿಗೂ "ಆಗಲಿ" ಅಂದೆ! ಎದುರುಮನೆಯ ಲಾರಿ ಡ್ರೈವರ್ ಒಬ್ಬ ಮಾತ್ರ, "ದೇವರಿಗೆ ಬೇರೆ ಕೆಲಸ ಇಲ್ವಾ ಅಕ್ಕಾ?" ಅಂದು ಆಕಳಿಸಿದ್ದ.

ಪಂದ್ಯದ ಬೆಳಿಗ್ಗೆ, ಮನಸ್ಸಿನ ತುಂಬ ಲಾಯ ಕಟ್ಟಿಕೊಂಡು ಕೂತೆ. ಹೊರಗಿನವರದು ಮೊದಲು, ಅತ್ತೆ ನಮ್ಮ ಮನೆಯವರೇ ಅಲ್ಲವೇ, ಕಾಯುತ್ತಾರೆ. ಮೇಷ್ಟ್ರ ಕುದುರೆ ಮುಗಿಸಿ, ಜೊತೆಗೆ ಅವರ ಮಂಡಿಯನ್ನೂ ಸೇರಿಸುವಷ್ಟರಲ್ಲಿ ಚುರ್ರ್‌! ಒಲೆ, ಕಟ್ಟೆ, ನೆಲ ಎಲ್ಲ ಕ್ಷೀರಸಾಗರ!

"ಏನೇ ಇದು, ಕುದುರೆಗೆ ಹಾಲಿನ ಸ್ನಾನಾನಾ?" ಎಂದರು ನನ್ನವರು, ಪೇಪರಿನಿಂದ ತಲೆ ಎತ್ತದೆ.

ಒರೆಸಿ ಒರೆಸಿ ಸೊಂಟ ಬಿತ್ತು. ಬೂದು ಕುದುರೆ ಮರೆತೇಹೋಯಿತು.

ನೆನಪಾದದ್ದು ಮಧ್ಯಾಹ್ನ, ಎಲ್ಲರೂ ನಮ್ಮ ಟಿವಿ ಮುಂದೆ ಕಿಕ್ಕಿರಿದಾಗ.

"ನನಗೇನು ಭಯ? ಇವರು ನನ್ನ ಕುದುರೆಗೆ ಬೇಡ್ಕೊಂಡಿದಾರೆ," ಅಂದರು ಟೈಲರಮ್ಮ.

"ನಿಮ್ಮದಕ್ಕಾ? ನನ್ನದಕ್ಕಲ್ವಾ?" ಮೇಷ್ಟ್ರು ಮಂಡಿ ಮರೆತು ಎದ್ದರು.

"ಅಯ್ಯೋ, ನನಗೆ ಮಾತು ಕೊಟ್ಟಿದಾರೆ!" ನರ್ಸಮ್ಮ.

ಅತ್ತೆ ನಿಧಾನವಾಗಿ ನನ್ನತ್ತ ತಿರುಗಿದರು. "ದೇವರ ಬಾಗಿಲಲ್ಲಿ ಎಷ್ಟು ಕುದುರೆ ಕಟ್ಟಿ ಬಂದಿದೀಯಮ್ಮಾ?"

ಪುಣ್ಯಕ್ಕೆ ಅಷ್ಟರಲ್ಲಿ ಪಂದ್ಯ ಶುರುವಾಯಿತು. ಗೆದ್ದದ್ದು? ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ ಡ್ರೈವರನ ಕುದುರೆ! ಬೂದು ಕುದುರೆ ವಾಯುಸೇವನೆಗೆ ಹೊರಟಂತೆ ಎಲ್ಲರಿಗಿಂತ ಕೊನೆಗೆ ಬಂತು.

ಎಲ್ಲರೂ ಹೋದರು. ಅತ್ತೆ ನನ್ನ ಮದುವೆಯ ಫೋಟೋ ಸೆರಗಿನಿಂದ ಒರೆಸಿ ಷೋಕೇಸಿನೊಳಗೆ ಇಟ್ಟರು. ನನಗೆ ತಡೆಯಲಾಗಲಿಲ್ಲ. ಹಾಲು ಉಕ್ಕಿದ್ದು, ಬೂದು ಕುದುರೆಯ ಸರದಿ ಬರದೇ ಹೋದದ್ದು, ಎಲ್ಲ ಹೇಳಿಬಿಟ್ಟೆ.

"ಹಾಗಾದ್ರೆ ಕುದುರೆದು ತಪ್ಪಿಲ್ಲ," ಅಂದರು ಅತ್ತೆ. ಮುಖ ಅರಳಿತ್ತು. "ಬರೋ ವರ್ಷ ಹಾಲು ನಾನು ನೋಡ್ಕೋತೀನಿ. ನೀನು ಆರಾಮಾಗಿ ಕೂತು ಬೇಡ್ಕೋ."

"ಬೇಡ ಅತ್ತೆ," ಎಂದು ಕೈ ಮುಗಿದೆ. "ಹಾಲು ನಾನೇ ನೋಡ್ಕೋತೀನಿ. ಕುದುರೆಗಳನ್ನ ದೇವರೇ ನೋಡ್ಕೊಳ್ಳಲಿ."