ಕಣಕಿಯ ಕುದುರೆ

ಕುದುರೆ ಹತ್ತಿ ಬಂದವರಿಗೆ ಊರಿನವರು ದಾರಿ ಬಿಡುತ್ತಾರೆ. ಕುದುರೆಯ ಗೊಂಬೆ ಮಾಡುವವರನ್ನು ಕಂಡರೆ ನಮ್ಮ ಮನೆಗೂ ಒಂದಿರಲಿ ಎನ್ನುತ್ತಾರೆ. ಎರಡನ್ನೂ ಮಾಡುವ ನನ್ನಂಥವಳಿಗೆ ಮಾತ್ರ ವಾರಕ್ಕೊಂದು ಪೇಚು ತಪ್ಪಿದ್ದಲ್ಲ.

ನಾನು ಬನಹಟ್ಟಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವವಳು, ವಯಸ್ಸು ನಲವತ್ತೆಂಟು. ವಾರವೆಲ್ಲ ನೆನೆಸಿದ ಕಾಗದ ಅರೆದು ಗೇಣುದ್ದದ ಕುದುರೆ ಮಾಡುತ್ತೇನೆ. ಭಾನುವಾರ ಬಸ್ಸು ಹಿಡಿದು ಜಮಖಂಡಿಯ ಅಂಚಿನಲ್ಲಿರುವ ಒಬ್ಬ ಅಜ್ಜನ ಬಳಿ ಸವಾರಿ ಕಲಿಯುತ್ತೇನೆ. ಅಜ್ಜನಿಗೆ ಇರುವುದು ಕಂದು ಬಣ್ಣದ ಒಂದೇ ಹೆಣ್ಣು ಕುದುರೆ. ಅದರ ಮೇಲೆ ಕೂತು ಒಂದೂವರೆ ವರ್ಷ ಅವರ ಹಿತ್ತಲನ್ನೇ ಸುತ್ತಿದ್ದೇನೆ. ಗೇಟು ದಾಟಿ ಕಾಲುವೆ ದಾರಿಯಲ್ಲಿ ಒಬ್ಬಳೇ ಹೋಗಿಬರಬೇಕೆಂಬುದು ನನ್ನ ಆಸೆ. ಕೇಳಿದಾಗಲೆಲ್ಲ ಅಜ್ಜನದು ಒಂದೇ ಉತ್ತರ: “ಮೊದಲ ಕುದುರಿ ನೋಡಾಕ ಕಲೀರಿ ಅಕ್ಕೋರ. ಹೊರಗ ಹೋಗೂದು ಆಮ್ಯಾಲ.”

ಜಾಂಬಳಿ ಬಾಲ

ನಮ್ಮೆಜಮಾನರದು ನಾಲ್ಕು ಮಗ್ಗ. ಮಗ್ಗದ ಕೆಳಗೆ ಬಿದ್ದ ಎಳೆಗಳೇ ನನ್ನ ಕುದುರೆಗಳ ಬಾಲ. ಒಂದು ತಿಂಗಳು ನಾಲ್ಕೂ ಮಗ್ಗದಲ್ಲಿ ನೇರಳೆ ಬಣ್ಣದ ಜಾಂಬಳಿ ಸೀರೆ ಹತ್ತಿತು. ನನ್ನ ಕುದುರೆಗಳೆಲ್ಲ ಜಾಂಬಳಿ ಬಾಲ ಬಿಟ್ಟುಕೊಂಡು ಕಪಾಟಿನಲ್ಲಿ ಸಾಲಾಗಿ ನಿಂತವು. ಅತ್ತೆ ನೋಡಿ, ಒಂದೇ ಮನೆಯ ಸೊಸೆಯಂದಿರು ಮದುವೆಗೆ ಹೊರಟಂತಿದೆ ಎಂದರು.

ನೋಡಲು ಕಲಿತಿದ್ದೇನೆಂದು ತೋರಿಸಲು ಅವುಗಳಲ್ಲೊಂದನ್ನು ಅಜ್ಜನಿಗೆ ಒಯ್ದೆ. ಅವರು ಮುಖ ನೋಡಲಿಲ್ಲ, ಕಾಲು ನೋಡಲಿಲ್ಲ, ಬಾಲವನ್ನೇ ಬೆರಳಿನಲ್ಲಿ ಹೊಸೆದು ನೋಡಿದರು. “ನೂಲು ಛಲೋ ಐತ್ರಿ. ಈ ಬಣ್ಣದ ಸೀರಿ ಇದ್ರ ನಮ್ಮ ಮುದುಕಿಗೊಂದು ತರ್ರಿ.”

ಮೊದಲ ಮೆಚ್ಚುಗೆ

ಕಾಗದ ಬೇಡ ಎಂದು ಮುಂದಿನ ಸಲ ಒಣಗಿದ ಜೋಳದ ದಂಟಿನಲ್ಲೇ, ಅಂದರೆ ಕಣಕಿಯಲ್ಲೇ, ಕುದುರೆ ಕಟ್ಟಿದೆ. ಅಂಟಿಲ್ಲ, ಬಣ್ಣವಿಲ್ಲ, ಎಲೆಯನ್ನೇ ಹುರಿ ಮಾಡಿ ಬಿಗಿದದ್ದು. ಮೂರು ದಿನದ ಕೆಲಸ. ಅಳತೆ ಸರಿಯಿದೆಯೇ ನೋಡೋಣವೆಂದು ಅದನ್ನು ಅಜ್ಜನ ಕುದುರೆಯ ಮುಂದೆ ಕಟ್ಟೆಯ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿದೆ. ಕಣ್ಣು ತೆರೆಯುವಷ್ಟರಲ್ಲಿ ಬಾಲ ಕುದುರೆಯ ಬಾಯಿಗೆ ಹೋಗಿತ್ತು. ನಾನು ಓಡಿಹೋಗಿ ಹಿಡಿಯುವಾಗ ಕೈಗೆ ಸಿಕ್ಕಿದ್ದು ಎರಡು ಕಿವಿ. ಅಳುವುದೋ ನಗುವುದೋ ತಿಳಿಯಲಿಲ್ಲ. ಅಜ್ಜ ಸಮಾಧಾನ ಮಾಡಿದರು: “ನಿಮ್ಮ ಕೆಲಸಾ ಅಕೀಗರ ಸೇರೇತಿ ನೋಡ್ರಿ.”

ಎರಡು ಸುಳಿ

ಮುಧೋಳದ ವ್ಯಾಪಾರಿಯೊಬ್ಬರು ಹೊಸ ಮನೆಯ ಗಾಜಿನ ಕಪಾಟಿಗೆಂದು ಕುದುರೆ ಕೇಳಿಕೊಂಡು ಬಂದರು. ನಮ್ಮ ಕಡೆ ಕುದುರೆ ಕೊಳ್ಳುವವರು ಮೊದಲು ನೋಡುವುದು ಮೈಮೇಲಿನ ಕೂದಲ ಸುಳಿ. ಯಾವ ಸುಳಿ ಎಲ್ಲಿದ್ದರೆ ಒಳ್ಳೆಯದು, ಎಲ್ಲಿದ್ದರೆ ಮನೆ ಮುರಿಯುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಈ ಪುಣ್ಯಾತ್ಮರು ನನ್ನ ಕಾಗದದ ಕುದುರೆಯ ಬಾಯಲ್ಲಿ ಹಲ್ಲು ಹುಡುಕಿದರು, ಹೊಟ್ಟೆ ಮಗುಚಿ ನೋಡಿದರು, ಕಡೆಗೆ ಹಣೆಯ ಹತ್ತಿರ ಬೆರಳು ನಿಲ್ಲಿಸಿದರು. ಬಣ್ಣ ಹಸಿಯಿದ್ದಾಗ ನನ್ನ ಕುಂಚ ಅಲ್ಲಿ ಎರಡು ಸಲ ತಿರುಗಿತ್ತು.

“ಹಣ್ಯಾಗ ಎರಡು ಸುಳಿ ಅದಾವ್ರಿ. ಇದು ಮನೀಗೆ ಆಗಂಗಿಲ್ಲ.”

ಇದು ಕಾಗದದ್ದು, ಜೀವವಿಲ್ಲದ್ದು ಎಂದೆ.

“ಅದಕ್ಕರೀ ಅಂಜಿಕಿ. ಜೀವ ಇದ್ದದ್ದು ಒಂದಿನ ಓಡಿಯರ ಹೋಗತೈತಿ. ಇದು ಕಪಾಟಿನ್ಯಾಗ ಕಾಯಂ.”

ಗೇಟಿನ ಆಚೆ

ಕೊನೆಗೆ ದೀಪಾವಳಿ ರಜೆಯಲ್ಲಿ ಅಜ್ಜನ ಕುದುರೆಯನ್ನೇ ಮಾಡಲು ಕೂತೆ. ಒಂದೂವರೆ ವರ್ಷ ಮೈ ತಿಕ್ಕಿದ ಕೈ. ಅದರ ಎಲುಬೆಲ್ಲ ನನ್ನ ಬೆರಳಿಗೆ ಗೊತ್ತು. ಎಡಗಿವಿಯ ಹರುಕು, ಬಲ ಮೊಣಕಾಲಿನ ಗಂಟು, ಎಲ್ಲವನ್ನೂ ಇಟ್ಟೆ. ಕುತ್ತಿಗೆಯಲ್ಲಿ ಸದಾ ಇರುವ ಕೆಂಪು ಮಣಿಸರದ ಕೆಳಗೊಂದು ಸುಳಿಯಿದೆ, ಅದನ್ನೂ ಬರೆದೆ. ಸರ ಮಾತ್ರ ಹಾಕಲು ಮರೆತೆ.

ಅಜ್ಜ ಬಹಳ ಹೊತ್ತು ನೋಡಿದರು. ಆ ಸುಳಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದರು. ಅದು ಕೆಟ್ಟ ಸುಳಿಯಂತೆ. ಅದಕ್ಕೇ ಮರಿಯಿದ್ದಾಗ ಯಾರೂ ಒಯ್ಯಲಿಲ್ಲ, ಇವರು ಮನೆಗೆ ತಂದು ಸರ ಕಟ್ಟಿದರು. ಬಂದವರು ಸುಳಿ ನೋಡಿ ಏನಾದರೂ ಅಂದರೆ ಅದರ ಕಿವಿಗೆ ಬೀಳಬಾರದಲ್ಲ ಎಂದು. ಒಳಗೆ ಹೋಗಿ ಕೆಂಪು ದಾರ ತಂದು ನನ್ನ ಗೊಂಬೆಯ ಕುತ್ತಿಗೆಗೂ ಕಟ್ಟಿದರು. ಆಮೇಲೆ, “ನೋಡಾಕ ಕಲ್ತೀರಿ” ಎಂದು ಗೇಟು ತೆರೆದರು. ನಾನು ಕುದುರೆ ಹತ್ತಿದೆ.

ಕುದುರೆ ಗಂಭೀರವಾಗಿ ಗೇಟು ದಾಟಿತು. ಬೇವಿನ ಮರದ ತನಕ ಹೋಗಿ, ನನ್ನನ್ನು ಹೊತ್ತುಕೊಂಡೇ ತಿರುಗಿ, ಬಂದ ದಾರಿಯಲ್ಲೇ ನಡೆದು ಹಿತ್ತಲಲ್ಲಿ ನಿಂತಿತು. ಲಗಾಮು ಎಳೆದೆ, ಬೇಡಿಕೊಂಡೆ, ಬೈದೆ. ಮೂರು ಸಲ ಬೇವಿನ ಮರ, ಮೂರು ಸಲ ಹಿತ್ತಲು. ಮೇಲೆ ಕೂತೇ ಅಜ್ಜನ ಮುಖ ನೋಡಿದೆ. ಅವರು ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಅಪ್ಪಣಿ ಕೊಟ್ಟಾಂವ ನಾನ್ರಿ. ಅಕೀನ್ನ ನೀವು ಇನ್ನೂ ಕೇಳೇ ಇಲ್ಲ.”

ಹೇಗೆ ಕೇಳುವುದು ಎಂದೆ.

“ಮುಂದಿನ ವಾರ ಕಣಕಿ ಕುದುರಿ ಒಂದು ಕಟ್ಟಿಕೊಂಡು ಬರ್ರಿ” ಎಂದರು ಅಜ್ಜ. “ಬಾಲ ಜರಾ ಉದ್ದ ಇರಲಿ. ಅಕಿ ಅಲ್ಲಿಂದನ ಸುರು ಮಾಡ್ತಾಳ.”