ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತಾತನನ್ನು ಕೈಬಿಡುವ ಬಗ್ಗೆ

ಇಂದ,
ಮಗುವಿನ ತಾತ,
ನಿವೃತ್ತ ಅರ್ಜಿ ಬರಹಗಾರ,
ಹಿತ್ತಿಲ ಮೆಟ್ಟಿಲು.

ಗೆ,
ಮಗುವಿನ ತಾಯಿಯವರು,
ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಹಾಗೂ ಅರ್ಜಿದಾರನ ಒಬ್ಬಳೇ ಮಗಳು.

ವಿಷಯ: ಸದರಿ ಹಿತ್ತಿಲಿನ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ಅರ್ಜಿದಾರನನ್ನು ತೆಗೆದುಹಾಕುವಂತೆ ಕೋರಿಕೆ.

ಉಲ್ಲೇಖ: ೧. ಅಡುಗೆಮನೆ ಬಾಗಿಲಲ್ಲಿ ನಿಂತು ತಾವು ಹೊರಡಿಸಿದ ಮೌಖಿಕ ಆದೇಶ.
೨. ಅದಕ್ಕೆ ಅರ್ಜಿದಾರನ ಪತ್ನಿ, ಅಂದರೆ ತಮ್ಮ ತಾಯಿ, ತಲೆಯಾಡಿಸಿ ನೀಡಿದ ಅನುಮೋದನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಸಾಹೇಬ ಎಂಬ ಹೆಸರಿನ ಮನೆಯ ನಾಯಿಯು ಹಿತ್ತಿಲಿನ ಕಣಗಿಲೆ ಎಲೆಯನ್ನು ಜಗಿದು, ವಾಂತಿ ಮಾಡಿಕೊಂಡು, ಪಶುವೈದ್ಯರ ದಯೆಯಿಂದ ಬದುಕಿದ್ದು ನಿಜ. ನಾಯಿಯ ಬಾಯಿಗೆ ಸಿಕ್ಕಿದ್ದು ನಾಳೆ ಮಗುವಿನ ಬಾಯಿಗೂ ಸಿಗುತ್ತದೆ, ಆದ್ದರಿಂದ ಹಿತ್ತಿಲು ಸುರಕ್ಷಿತವಾಗುವವರೆಗೆ ಮಗುವನ್ನು ಕರೆತರುವುದಿಲ್ಲ ಎಂದು ತಾವು ಆದೇಶಿಸಿದ್ದೂ ನ್ಯಾಯವೇ. ಅಂದು ಸಾಹೇಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅರ್ಜಿದಾರನ ಜೀವವೂ ಬಾಯಿಗೆ ಬಂದಿತ್ತು.

೨. ಕಾರಣ, ಕಣಗಿಲೆಯನ್ನು ಬೇರುಸಹಿತ ಕೀಳಲಾಯಿತು. ಬಸವನಹುಳುವಿಗೆ ಹಾಕುವ ವಿಷದ ಗುಳಿಗೆಗಳನ್ನು ಮನೆಯಿಂದಾಚೆ ಸಾಗಿಸಲಾಯಿತು. ಕತ್ತರಿ, ಗುದ್ದಲಿಗಳಿಗೆ ಬೀಗ. ನೀರಿನ ತೊಟ್ಟಿಗೆ ಮುಚ್ಚಳ. ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಕ್ಷೇಮವಾಗಿರುತ್ತಿದ್ದರು.

೩. ಆದರೆ ತಾವು ಫೋನಿನಲ್ಲಿ ವಿಡಿಯೋ ತಪಾಸಣೆ ಆರಂಭಿಸಿದಿರಿ. "ಅಪ್ಪ, ಫೋನ್ ಕೆಳಗೆ ಹಿಡಿ. ಮಗುವಿನ ಎತ್ತರದಿಂದ ನೋಡ್ಬೇಕು" ಎಂದಿರಿ. ಅರ್ಜಿದಾರನು ಅಂಬೆಗಾಲಿಟ್ಟು ಹಿತ್ತಿಲು ಸುತ್ತಿದನು. ಇದನ್ನು ಆಟವೆಂದು ಭಾವಿಸಿದ ಸಾಹೇಬನು ಬೆನ್ನೇರಿದನು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದರು. "ಮಾನ. ಸಿಕ್ಕಿದ್ರೆ ಹೇಳ್ತೀವಿ" ಎಂದು ತಮ್ಮ ತಾಯಿ ಉತ್ತರಿಸಿದರು.

೪. ತಪಾಸಣೆಯ ಫಲವಾಗಿ, ಮುಳ್ಳಿದೆ ಎಂದು ಗುಲಾಬಿ ಹೋಯಿತು. ಜೇನ್ನೊಣ ಕರೆಯುತ್ತದೆ ಎಂದು ದಾಸವಾಳ ಹೋಯಿತು. ಗಂಟಲಿಗೆ ಸಿಕ್ಕೀತೆಂದು ಜಲ್ಲಿಕಲ್ಲು ಹೋಯಿತು. ಮಣ್ಣಿಗೆ ಬೇರೆ ಯಾವ ದೋಷವೂ ಸಿಗದೆ, ಅದು ಮಣ್ಣೆಂಬ ಕಾರಣಕ್ಕೇ ಅದರ ಮೇಲೆ ರಬ್ಬರ್ ಹಾಸು ಬಂತು. ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂಬ ತಮ್ಮ ತಾಯಿಯ ಅಭಿಪ್ರಾಯವನ್ನು ಕಡತದಲ್ಲಿ ಸೇರಿಸಿಕೊಳ್ಳಬಹುದು. ಕೆರೆಯಲು ಜಾಗವಿಲ್ಲದ ಸಾಹೇಬನು ಪಕ್ಕದ ಮನೆಗೆ ವರ್ಗಾವಣೆ ಪಡೆದಿದ್ದಾನೆ.

೫. ಅಂತಿಮ ತಪಾಸಣೆಗೆ ತಾವು ಖುದ್ದಾಗಿ ಬಂದಾಗ, ಮಗುವೂ ಬಂದಿರಬಹುದೆಂಬ ಭ್ರಮೆಯಲ್ಲಿ ಧಾವಿಸಿದ ಅರ್ಜಿದಾರನು, ಆಗಷ್ಟೇ ತೊಳೆದಿದ್ದ ಸದರಿ ಸುರಕ್ಷತಾ ಹಾಸಿನ ಮೇಲೆ ಜಾರಿ ಅಂಗಾತ ಬಿದ್ದನು. ಬಿದ್ದಲ್ಲಿಂದಲೇ, "ಹಾಸು ಸರಿ ಇಲ್ಲ" ಎಂದನು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು ತಮ್ಮ ತಾಯಿ. ತಾವು ನಗಲಿಲ್ಲ. "ಅಪ್ಪ, ಮಗೂನ ಎತ್ಕೊಂಡಿದ್ದಾಗ ಹೀಗೆ ಬಿದ್ದಿದ್ರೆ? ಈಗ ಇಲ್ಲಿ ಉಳಿದಿರೋ ಅಪಾಯ ಅಂದ್ರೆ ನೀನೊಬ್ಬನೇ" ಎಂದು ಹೇಳಿ, ಪಟ್ಟಿಯ ಕೊನೆಯಲ್ಲಿ ಏನೋ ಬರೆದುಕೊಂಡು ಹೊರಟಿರಿ. ತಮ್ಮ ಕಣ್ಣು ಒದ್ದೆಯಾಗಿತ್ತೆಂದು ತಮ್ಮ ತಾಯಿಯ ಹೇಳಿಕೆ. ಅರ್ಜಿದಾರನು ಆಕಾಶ ನೋಡುತ್ತಿದ್ದುದರಿಂದ ದೃಢೀಕರಿಸಲಾಗುತ್ತಿಲ್ಲ.

೬. ಅರ್ಜಿದಾರನು ಜೀವಮಾನವೆಲ್ಲ ಕಚೇರಿಯ ಮುಂದೆ ಕುಳಿತು ಕಂಡವರ ಅರ್ಜಿ ಬರೆದವನು. ಸುಳ್ಳು ಕಾರಣಕ್ಕೂ ಕೋಟು ತೊಡಿಸಿ ಕಳುಹಿಸಿದವನು. ತನ್ನ ಸರದಿ ಬಂದಾಗ ಒಂದು ಕಾರಣವೂ ಹೊಳೆಯುತ್ತಿಲ್ಲ. ಕೈ ನಡುಗುವುದು ನಿಜ. ಕಾಲು ಮಾತು ಕೇಳದಿರುವುದೂ ನಿಜ. ಮಗುವನ್ನು ಕಾಣದೆ ಹೊತ್ತು ಹೋಗುತ್ತಿಲ್ಲ ಎಂಬುದೊಂದೇ ಆತನ ವಾದ.

ಆದ್ದರಿಂದ, ಮಗುವನ್ನು ಎತ್ತಿಕೊಳ್ಳುವುದಿಲ್ಲ, ಓಡುವುದಿಲ್ಲ, ಅಗತ್ಯಬಿದ್ದರೆ ಕುರ್ಚಿಯಿಂದ ಏಳುವುದೂ ಇಲ್ಲ ಎಂಬ ಮುಚ್ಚಳಿಕೆಯನ್ನು ಸ್ವೀಕರಿಸಿ, ಅರ್ಜಿದಾರನನ್ನು ಪಟ್ಟಿಯಿಂದ ಕೈಬಿಡಬೇಕಾಗಿ ಪ್ರಾರ್ಥನೆ.

ಬಿದ್ದರೂ ತಮ್ಮ ವಿಶ್ವಾಸಿಯಾದ,
ಅಪ್ಪ

ಅಡಕಗಳು:
೧. ಮೂಳೆ ಮುರಿದಿಲ್ಲವೆಂಬ ವೈದ್ಯರ ಚೀಟಿ.
೨. ಕಿತ್ತ ಕಣಗಿಲೆಯ ಬೇರು, ಪೊಟ್ಟಣದಲ್ಲಿ (ಮಕ್ಕಳ ಕೈಗೆ ಸಿಗದಂತೆ ಇಡುವುದು).
೩. ಪಕ್ಕದ ಮನೆಯಿಂದ ಬಂದುಹೋದ ಸಾಕ್ಷಿ ಸಾಹೇಬನ ಹೆಜ್ಜೆಗುರುತು (ಅರ್ಜಿಯ ಮೇಲೆಯೇ ಬಿದ್ದಿದೆ).

ವಿಶೇಷ ಸೂಚನೆ: ಪಟ್ಟಿಯಿಂದ ಕೈಬಿಡಲು ನಿಯಮದಲ್ಲಿ ಅವಕಾಶವಿಲ್ಲವಾದಲ್ಲಿ, ಅರ್ಜಿದಾರನ ಸುತ್ತ ಸೊಂಟದೆತ್ತರದ ಬೇಲಿ ಹಾಕಿಸಿ, ಮಗುವನ್ನು ಅದರಾಚೆ ಆಡಲು ಬಿಡುವುದು. ಬೇಲಿಯ ಸಂದುಗಳು ಮಗುವಿನ ಕೈ ತೂರುವಷ್ಟು ಅಗಲವಿರಲಿ.